ಬಿಟ್ಟ ಸ್ಥಳ

ಸಂಜೆ ಐದರೊಳಗೆ ಕಳಿಸಬೇಕು. ಸಿ.ಆರ್.ಪಿ. ಸಾಹೇಬರು
ಎರಡು ಸಲ ಫೋನು ಮಾಡಿದ್ದಾರೆ.
ನಾಲ್ಕನೇ ತರಗತಿ, ಕನ್ನಡ, ಹತ್ತೊಂಬತ್ತು ಮಕ್ಕಳು.
ಹೆಸರಿನ ಎದುರು ಮನೆಮಾತು, ಮನೆಮಾತಿನ ಎದುರು ಅಂಕ,
ಅಂಕದ ಎದುರು ಕಲಿಕೆಯ ಅಂತರ.
ಬೈತಖೋಲದ ಈ ಕೋಣೆಯಲ್ಲಿ ಫ್ಯಾನು ತಿರುಗಿದರೆ
ಉತ್ತರಪತ್ರಿಕೆಗೂ ಒಣಮೀನಿನ ವಾಸನೆ.

ಮೂರನೇ ಪ್ರಶ್ನೆಗೆ ಬಾವಿಯ ಚಿತ್ರ.
ಬಿಟ್ಟ ಸ್ಥಳ ಭರ್ತಿ ಮಾಡಿ:
ಬಾವಿಯಲ್ಲಿ ______ ಇದೆ.
(ಭರ್ತಿ ಅಂದರೆ ಇಲ್ಲಿಯ ಮಕ್ಕಳಿಗೆ ಸಮುದ್ರ ಏರುವುದು.
ಪಾಠದಲ್ಲಿ ನಾನು ಉಬ್ಬರ ಎಂದು ಕಲಿಸಿದ್ದೇನೆ,
ಬರೆದುಕೊಂಡಿದ್ದಾರೆ, ಪಾಪ.)
ಸೇಜಲ್ ತಾಂಡೇಲ ತುಂಬಿದ್ದಾಳೆ, ದುಂಡಗೆ,
ಉಕಾರದ ಕೊಂಕು ಸ್ವಲ್ಪ ಹೆಚ್ಚೇ ಎಳೆದು:
ಉದಕ.

ಕೆಂಪು ಪೆನ್ನು ನನಗಿಂತ ಮೊದಲು ಓಡಿತು.
ಉತ್ತರಸೂಚಿಯಲ್ಲಿ ಇರುವುದು ನೀರು.
ಗೆರೆ ಎಳೆದ ಮೇಲೆ ಓದಿದೆ.

ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯದ ಕೆಳಗೆ
ಸಣ್ಣಕ್ಷರದಲ್ಲಿ ಇತ್ತು ಇದು, ಉದಕ ಎಂದರೆ ನೀರು;
ಬಾಯಿಪಾಠ ಮಾಡಿ ಒಂದು ಅಂಕ ಗಿಟ್ಟಿಸಿದವಳು ನಾನೇ.
ಪಂಡಿತರ ಕೈಹಿಡಿದು ಬಂದರೆ ಮಣೆ ಹಾಕಿಸಿಕೊಳ್ಳುವ ಪದ
ಸೇಜಲ್ಲಳ ಆಯಿ ಬಂದರದಿಂದ ಬಂದು ಬುಟ್ಟಿ ಇಳಿಸಿ
'ಮಾಕಾ ಉದಾಕ ದೀ ಗೊ' ಅಂದರೆ
ತಪ್ಪಾಗಿಬಿಡುತ್ತದೆ.

ನಮ್ಮ ತಾಂಡಾದಲ್ಲಿ ಅದು ಪಾಣಿ.
ಬಾಗೇವಾಡಿ ಕಡೆಯ ಶಾಲೆಯಲ್ಲಿ ಮಾಸ್ತರರು
ಕೊಡದ ಕಡೆ ಬೆರಳು ಮಾಡಿ, ಏನದು, ಅಂದಾಗ
ಪಾಣಿ ಅಂದೆ.
ಹೊಡೆಯಲಿಲ್ಲ ಅವರು. ನಕ್ಕರು. ಇಡೀ ಕ್ಲಾಸಿಗೆ ನಗಲು ಬಿಟ್ಟರು.
ಆಮೇಲೆ ಎರಡು ವರ್ಷ ನಾನು ಏನೂ ಅನ್ನಲಿಲ್ಲ.
ಹುಡುಗಿ ಮಂದ, ಎಂದು ಹಾಜರಿಪುಸ್ತಕದ ಅಂಚಿನಲ್ಲಿ ಬರೆದರು.
ಟಿ.ಸಿ.ಎಚ್. ಸೇರುವ ಹೊತ್ತಿಗೆ ಸೋಮ್ಲಿಬಾಯಿ
ಎಸ್. ಆರ್. ರಾಠೋಡ ಆಗಿದ್ದಳು.
ಹೆಸರಿನಿಂದ ಬಾಯಿ ಬಿದ್ದುಹೋದದ್ದು
ಯಾರಿಗೂ ಗೊತ್ತಾಗಲಿಲ್ಲ, ನನಗೂ.

'ಸೇಜಲ್, ಇಲ್ಲಿ ಬಾ.'
ಬಂದಳು. ಕೆಂಪು ಕಂಡದ್ದೇ ತಡ,
'ನೀರು, ಅಕ್ಕೋರೇ. ಗೊತ್ತಿತ್ತು.'
'ಗೊತ್ತಿದ್ದರೆ ಮತ್ತೆ?'
'ಚಿತ್ರದ ಬಾವಿ ನಮ್ಮ ಮನೇದರ ಹಾಗೇ ಇತ್ತು.'

ಇದಕ್ಕೆ ಸೂಚಿಯಲ್ಲಿ ಉತ್ತರವಿಲ್ಲ.
ಗೆರೆಯ ಮೇಲೇ ಸರಿ ಗುರುತು ಹಾಕಿದೆ, ಗಲೀಜಾಯಿತು.
ಹನ್ನೊಂದು ಇದ್ದದ್ದು ಹನ್ನೆರಡಾಯಿತು.
ಹನ್ನೆರಡಕ್ಕೂ ಸಿ ಶ್ರೇಣಿಯೇ.

ಕೆಳಗಿನ ಹಾಳೆ ಖಗೇಶ್ವರನದು.
ಅವನಪ್ಪ ಒಡಿಶಾದಿಂದ ಬೋಟಿನ ಕೆಲಸಕ್ಕೆ ಬಂದವನು,
ಅವನ ಮನೆಮಾತಿಗೆ ಪಟ್ಟಿಯಲ್ಲಿ 'ಇತರೆ'.
ಎಲ್ಲ ಬಿಟ್ಟ ಸ್ಥಳಗಳನ್ನೂ ಬಿಟ್ಟೇ ಕೊಟ್ಟಿದ್ದಾನೆ.
ಹಾಳೆಯ ಬೆನ್ನಿಗೆ ಮಾತ್ರ ಒಂದು ಟ್ರಾಲರು,
ಬಲೆಯ ಪ್ರತಿ ಗಂಟೂ ಇದ್ದಲ್ಲೇ ಇದೆ.
ಅದಕ್ಕೆ ಎಷ್ಟು ಕೊಡಲಿ? ಕಾಲಂ ಇಲ್ಲ.
ಸೊನ್ನೆ ಬರೆದೆ.

ಸೇಜಲ್ ಇನ್ನೂ ಮೇಜಿನ ಪಕ್ಕದಲ್ಲೇ ನಿಂತಿದ್ದಳು.
'ಅಕ್ಕೋರೇ, ನಿಮ್ಮ ಮನೇಲಿ ನೀರಿಗೆ ಎಂತ ಹೇಳ್ತ್ರಿ?'
ಹದಿನಾಲ್ಕು ವರ್ಷದ ನೌಕರಿಯಲ್ಲಿ
ಯಾವ ತಪಾಸಣೆಯವರೂ ಕೇಳಿರಲಿಲ್ಲ.
'ಪಾಣಿ', ಅಂದೆ. ಯಾಕೋ ಜೋರಾಗಿಯೇ ಬಂತು.

ಕಡೇ ಬೆಂಚಿನಲ್ಲಿ ತಲೆಯೊಂದು ಎದ್ದಿತು.
ಜೂನಿನಿಂದ ನನ್ನ ಒಂದೇ ಒಂದು ಮಾತಿಗೂ ಏಳದ ತಲೆ.
ಖಗೇಶ್ವರ ಚೀಲ ತಡಕಿ, ಬಾಟಲಿ ತೆಗೆದು,
ಸಾಲುಗಳ ನಡುವೆ ಬೇಗಬೇಗ ನಡೆದು ಬಂದು
ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ.
ಟೀಚರ್ ಕೇಳಿದ್ದಾರೆ, ತನ್ನನ್ನೇ ಕೇಳಿದ್ದಾರೆ ಎಂದುಕೊಂಡು.

ಕುಡಿದೆ. ಬಿಸಿಲಿಗೆ ಕಾದಿತ್ತು, ಪ್ಲಾಸ್ಟಿಕ್ಕಿನ ರುಚಿ.
ಹತ್ತೊಂಬತ್ತು ಮಕ್ಕಳೂ ನಾನು ನುಂಗುವುದನ್ನೇ ನೋಡಿದರು.

ಅಷ್ಟರಲ್ಲಿ ಮೂರನೇ ಸಲ ಫೋನು.
ಬಾಟಲಿಯ ಕೈ ಬಿಡುವಾಗದೆ ಸ್ಪೀಕರಿಗೆ ಹಾಕಿದೆ.
'ಟೀಚರ್, ಭರ್ತಿ ಆತೇನ್ರಿ?'

ಸೇಜಲ್ ಕಿಟಕಿಯಾಚೆ ಕಣ್ಣು ಕಿರಿದು ಮಾಡಿ ನೋಡಿದಳು.
ಕೆಳಗೆ ಕೆಸರಲ್ಲಿ ಪಾತಿದೋಣಿಗಳು ಓರೆಯಾಗಿ ಮಲಗಿದ್ದವು.
'ಇನ್ನೂ ಇಲ್ಲ', ಅಂದಳು ಫೋನಿನ ಹತ್ತಿರ ಬಾಗಿ,
'ಇವತ್ತು ಐದೂವರೆ ಆಗ್ತದೆ.'